ಬೂದು ಹನಿ

"ಮೌಸಿಂದ ಕೈ ತೆಗೀರಿ. ಎಲ್ಲಾರೂ. ಕೈ ಮಡಿಲಲ್ಲಿ ಇರ್ಲಿ."

ಮೇಲ್ವಿಚಾರಕ ಮೊದಲ ಸಾಲಿನ ತುದಿಯಲ್ಲಿ ನಿಂತಿದ್ದ. ಒಂದೊಂದು ಚಿತ್ರದ ಮುಂದೆ ಯಾರು ಎಷ್ಟು ಸೆಕೆಂಡು ಕೂತರು ಎಂದು ಅಳೆಯುವುದೇ ಅವನ ಉದ್ಯೋಗವಾದ್ದರಿಂದ ಬೆನ್ನ ಹಿಂದೆ ಎಲ್ಲರೂ ಅವನನ್ನು ಸ್ಟಾಪ್‌ವಾಚ್ ಎನ್ನುತ್ತಿದ್ದರು. ಈಗ ಅವನು ಮೊದಲ ಕಂಪ್ಯೂಟರಿನ ಮೇಲೆ ಬಗ್ಗಿ, ಬ್ರೌಸರಿನ ಬಲಮೂಲೆಯಲ್ಲಿ ಏನೇನು ಅಂಟಿಕೊಂಡಿದೆ ಎಂದು ಹುಡುಕುತ್ತಿದ್ದ.

"ನಿನ್ನೆ ಇಲ್ಲಿಂದ ಒಂದು ವಿಡಿಯೊ ಪಾಸಾಗಿದೆ. ಕಾರ್ಖಾನೇಲಿ ಒಬ್ಬ ಬಿದ್ದಿದಾನೆ, ಕೆಳಗೆ ರಕ್ತ. ನಮ್ಮೋರು 'ನೆಲದ ಮೇಲೆ ಎಣ್ಣೆ, ತೊಂದರೆ ಇಲ್ಲ' ಅಂತ ಬಿಟ್ಟಿದಾರೆ. ಅದರ ಪಕ್ಕಾನೇ ಮಕ್ಕಳ ಸೋಪಿನ ಜಾಹೀರಾತು. ಸೋಪಿನೋರು ಕೆಂಡ ಆಗಿದಾರೆ."

"ಬಿದ್ದೋನು ಏನಾದ ಸಾರ್?" ಎಂದ ಹಿಂದಿನಿಂದ ಮೀಸೆ. ಅವನ ಮೀಸೆ ಅಷ್ಟು ದಪ್ಪ, ಹೆಸರೇ ಅದಾಗಿತ್ತು.

"ಅದು ನಮ್ಮ ಕೆಲಸ ಅಲ್ಲ. ಯಾರೋ ಬಣ್ಣ ತೆಗೆಯೋ ಆಡ್-ಆನ್ ಹಾಕ್ಕೊಂಡಿದಾರೆ. ಅದು ನನಗೆ ಸಿಗಬೇಕು."

ಮೂರನೆಯ ಸಾಲಿನಲ್ಲಿ ದೊಡ್ಡಕ್ಕ ಕೈ ಮಡಿಲಿಗೆ ಎಳೆದುಕೊಂಡಳು. ಅವಳ ಪರದೆಯ ಮೂಲೆಯಲ್ಲಿ ಬೂದು ಬಣ್ಣದ ಪುಟ್ಟ ಹನಿಯೊಂದು, ಅದೇ ಆಡ್-ಆನಿನ ಗುರುತು, ಕೂತಿತ್ತು.

ಜಗತ್ತು ದೂರು ಕೊಟ್ಟ ಚಿತ್ರಗಳನ್ನೆಲ್ಲ ನೋಡಿ, ಇರಲಿ ಅಥವಾ ಹೋಗಲಿ ಎಂದು ಒತ್ತುವುದು ಆ ಕೋಣೆಯ ಕೆಲಸ. ಊರಿನವರ ಕಣ್ಣು ಶುಚಿಯಾಗಿರಲಿ ಎಂದು ಇವರು ತಮ್ಮ ಕಣ್ಣಲ್ಲಿ ಹೊಲಸು ಬಾಚುತ್ತಿದ್ದರು. ಬಾಚಿದ್ದನ್ನು ಎಲ್ಲಿ ಸುರಿಯಬೇಕು ಎಂದು ಮಾತ್ರ ಯಾರೂ ಹೇಳಿಕೊಟ್ಟಿರಲಿಲ್ಲ. ದೊಡ್ಡಕ್ಕ ಎಲ್ಲರಿಗಿಂತ ಹಳಬಳು. ಮನೆಯಲ್ಲಿ ಅವಳಿಗೆ ಟೊಮೇಟೊ ಹೆಚ್ಚಲೂ ಆಗುತ್ತಿರಲಿಲ್ಲ. ಗ್ಯಾರೇಜು ಮುಚ್ಚಿ ಮನೆಯಲ್ಲೇ ಇದ್ದ ಗಂಡ ಚಾಕು ಇಸಿದುಕೊಂಡು, "ಟೊಮೇಟೊ ಮೇಲೂ ಯಾರಾದ್ರೂ ದೂರು ಕೊಟ್ಟಿದಾರೇನೇ?" ಎಂದು ನಗಿಸಲು ನೋಡುತ್ತಿದ್ದ.

ಬ್ರೌಸರನ್ನು ಇನ್ನೂ ಚೆನ್ನಾಗಿ ಬಳಸುವುದು ಹೇಗೆ ಎಂದು ಯಾರೋ ಪುಣ್ಯಾತ್ಮರು ಬರೆದದ್ದು ಒಂದು ಮಧ್ಯಾಹ್ನ ಅವಳ ಕಣ್ಣಿಗೆ ಬಿದ್ದಿತ್ತು. ಪುಟದ ಸದ್ದಡಗಿಸುವುದು, ಮುಚ್ಚಿದ ಪುಟವನ್ನು ಮೂರು ಕೀಲಿ ಒತ್ತಿ ಮತ್ತೆ ಕರೆಯುವುದು, ಮತ್ತೆ ಈ ಹನಿ. ಒಮ್ಮೆ ಒತ್ತಿದರೆ ಪುಟದ ಬಣ್ಣವೆಲ್ಲ ಇಂಗಿಹೋಗುತ್ತಿತ್ತು. ಕಣ್ಣಿಗೆ ಹಿತ ಎಂದು ಅವರು ಬರೆದಿದ್ದರು. ಎಂಥ ಕಣ್ಣಿಗೆ ಎಂದು ಅವರಿಗೇನು ಗೊತ್ತು! ರಕ್ತ ಮಸಿಯಾಯಿತು. ಅಂದು ಅವಳಿಗೆ ನಿದ್ದೆ ಬಂತು. ಬಾಯಿಂದ ಬಾಯಿಗೆ ಹನಿ ಕೋಣೆಯಲ್ಲೆಲ್ಲ ಹರಡಿತು. "ಹಳೇ ಸಿನಿಮಾ ನೋಡ್ದಂಗಾಯ್ತು ದೊಡ್ಡಕ್ಕಾ, ಹಾಡೊಂದು ಕಮ್ಮಿ," ಎಂದಿದ್ದ ಮೀಸೆ. ಸೇರಿದ ಮಾರನೆಯ ದಿನವೇ ವಾಂತಿ ಮಾಡಿಕೊಂಡ ಹೊಸ ಹುಡುಗಿಯ ಕಂಪ್ಯೂಟರಿಗೆ ದೊಡ್ಡಕ್ಕ ತಾನೇ ಕೈಯಾರೆ ಹಾಕಿಕೊಟ್ಟಿದ್ದಳು.

ಸ್ಟಾಪ್‌ವಾಚ್ ಬೆನ್ನು ತಿರುಗಿಸಿದ. ಕೋಣೆಯ ಅಲ್ಲಲ್ಲಿ ಕೈಗಳು ಕಳ್ಳಬೆಕ್ಕಿನ ಹಾಗೆ ಮೇಲೇರಿ ಇಳಿದವು. ದೊಡ್ಡಕ್ಕನ ಕೈಯೂ ಏರಿತು. ತೆಗೆಯಲೇ ಎಂದು ಕೇಳಿತು ಬ್ರೌಸರು. ತೆಗಿ ಎಂದು ಒತ್ತಿದಳು. ಹನಿ ಮಾಯವಾಯಿತು.

ಆಮೇಲೆ ಅವಳ ಕಣ್ಣು ಮುಂದಿನ ಸಾಲಿಗೆ ಹೋಯಿತು. ಹೊಸ ಹುಡುಗಿ ಕೈ ಮಡಿಲಲ್ಲಿಟ್ಟುಕೊಂಡು ಕಲ್ಲಾಗಿದ್ದಳು. ಅವಳ ಹನಿ ಅಲ್ಲೇ ಇತ್ತು. ಒತ್ತುವುದನ್ನು ಹೇಳಿಕೊಟ್ಟಿದ್ದ ದೊಡ್ಡಕ್ಕ ಕಿತ್ತುಹಾಕುವುದನ್ನು ಹೇಳಿಕೊಟ್ಟಿರಲಿಲ್ಲ.

ಸಾಲು ದಾಟಿ ಹುಡುಗಿಯ ಹಿಂದೆ ಬಂದು, "ಆಹಾ," ಎಂದ ಸ್ಟಾಪ್‌ವಾಚ್. ಅದೇ ವಿಡಿಯೊ ತೆರೆದು, ಬೂದಿಯಂಥ ಚಿತ್ರವನ್ನು ಎಲ್ಲರಿಗೂ ಕಾಣುವಂತೆ ಅರೆಗಳಿಗೆ ಓಡಿಸಿ ಮುಚ್ಚಿದ. "ಎಣ್ಣೆ! ಯಾರಮ್ಮ ಹಾಕಿಕೊಟ್ಟಿದ್ದು?"

"ನಾನೇ ಹಾಕ್ಕೊಂಡೆ ಸಾರ್."

"ಕೆಲಸ ಖಾಯಂ ಆಗೋಕೆ ಇನ್ನೊಂದು ವಾರ ತಾನೇ ಇದ್ದಿದ್ದು? ಕೊಡು ಕಾರ್ಡು."

ಹುಡುಗಿಯ ಕೈ ಕೊರಳಲ್ಲಿದ್ದ ಕಾರ್ಡಿನ ಪಟ್ಟಿಗೆ ಹೋಯಿತು. ಸುಮ್ಮನಿದ್ದರೆ ದೊಡ್ಡಕ್ಕನ ಕೆಲಸ ಉಳಿಯುತ್ತಿತ್ತು. ಮನೆಗೆ ಬರುತ್ತಿದ್ದದ್ದು ಅದೊಂದೇ ಸಂಬಳ. ಅವಳ ಕುರ್ಚಿ ಕಿರುಗುಟ್ಟಿತು.

"ಹಾಕಿದ್ದು ನಾನು ಸಾರ್. ನನ್ನದರಲ್ಲೂ ಇತ್ತು. ಹೆದರಿಕೊಂಡು ಈಗ ಕಿತ್ತೆ."

"ಅಕ್ಕಾ, ಬೇಡ," ಎಂದಳು ಹುಡುಗಿ.

"ನೀನು ಸುಮ್ನಿರೇ."

ದೊಡ್ಡಕ್ಕ ಹುಡುಗಿಯ ಮೇಜಿಗೆ ಬಂದು ಮೂರು ಕೀಲಿ ಒತ್ತಿದಳು. ಮುಚ್ಚಿದ ಪುಟ ಎದ್ದು ಬಂತು. ಸದ್ದು ತೆರೆದಳು. ಹನಿಯ ಮೇಲೆ ಬೆರಳಿಟ್ಟು ಒಂದು ಕ್ಷಣ ತಡೆದಳು. ಇದನ್ನು ಬಣ್ಣದಲ್ಲಿ ಅವಳೂ ನೋಡಿರಲಿಲ್ಲ.

"ಕೂತ್ಕೊಳ್ಳಿ ಸಾರ್. ದಿನಾ ನಮ್ಮ ಸೆಕೆಂಡು ಎಣಿಸ್ತೀರಿ. ಒಂದು ಸಲ ನೀವೂ ಪೂರ್ತಿ ನೋಡಿ."

"ನನಗೆ ಹೇಳಿಕೊಡೋಕೆ ಬರ್ತೀಯಾ..."

"ಕೂತ್ಕೊಳ್ಳಿ ಸಾರ್," ಎಂದ ಮೀಸೆ, ಎದ್ದು ನಿಂತು. ಅವನ ಹಿಂದೆ ಇನ್ನೂ ಕೆಲವು ಕುರ್ಚಿ ಸರಿದವು.

ಸ್ಟಾಪ್‌ವಾಚ್ ಕೂತ. ದೊಡ್ಡಕ್ಕ ಒತ್ತಿದಳು. ಪರದೆ ಕೆಂಪಿನಿಂದ ತುಂಬಿತು.

ನೀಲಿ ಅಂಗಿಯವನು ಯಂತ್ರದ ಬುಡದಲ್ಲಿ ಮಗುಚಿ ಬಿದ್ದಿದ್ದ. ಒಂದು ಕಾಲಿನ ಚಪ್ಪಲಿ ದೂರ ಬಿದ್ದಿತ್ತು. ಯಂತ್ರ ಇನ್ನೂ ಓಡುತ್ತಲೇ ಇತ್ತು. ಅದನ್ನು ಯಾರೂ ನಿಲ್ಲಿಸಿರಲಿಲ್ಲ. ಯಾರೋ ಅವನನ್ನು ಅಣ್ಣಾ, ಅಣ್ಣಾ ಎಂದು ಕರೆಯುತ್ತಿದ್ದರು. ಬೂದು ಬಣ್ಣದಲ್ಲಿ ಕಪ್ಪಿನೊಳಗೆ ಕಪ್ಪಾಗಿ ಸೇರಿಹೋಗಿದ್ದ ಅವನ ಕೈ ಈಗ ಬೇರೆಯಾಗಿ ಕಂಡಿತು.

"ಬೆರಳು ಆಡ್ತಿದೆ," ಎಂದಳು ಹುಡುಗಿ. "ಅಕ್ಕಾ, ಬೆರಳು ಆಡ್ತಿದೆ. ನಾನು ತೊಂದರೆ ಇಲ್ಲ ಅಂತ ಬರೆದೆ."

ದೊಡ್ಡಕ್ಕ ಅವಳ ಹೆಗಲು ಹಿಡಿದುಕೊಂಡಳು, ಕಣ್ಣು ತೆಗೆಯಲಿಲ್ಲ. ಸ್ಟಾಪ್‌ವಾಚ್ ಗಡಿಯಾರ ನೋಡಲಿಲ್ಲ. ಅವನ ಕೈ ಮೇಜಿನ ಮೇಲೆ ತಡಕಾಡಿ ಮೌಸು ಹಿಡಿಯಿತು. ಬಾಣದ ಗುರುತು ಮೇಲೇರಿ ಬಲಮೂಲೆಯ ಹನಿಯ ಮೇಲೆ ನಿಂತಿತು. ಒತ್ತಿದ. ಕೆಂಪೆಲ್ಲ ಇಂಗಿಹೋಯಿತು.

ಯಾರೂ ನಗಲಿಲ್ಲ.

"ನಿಮ್ಮ ಕಾರ್ಡು," ಎಂದ ಅವನು ದೊಡ್ಡಕ್ಕನಿಗೆ, ಮುಖ ಎತ್ತದೆ. ಅವಳು ಕೊರಳಿಂದ ಪಟ್ಟಿ ತೆಗೆದು ಮೇಜಿನ ಮೇಲಿಟ್ಟಳು. ಹುಡುಗಿಯದನ್ನು ಅವನು ಮತ್ತೆ ಕೇಳಲಿಲ್ಲ. ಉಳಿದ ಸಾಲುಗಳ ಕಡೆಗೂ ಹೋಗಲಿಲ್ಲ.

ಬೀದಿಯಲ್ಲಿ ಇನ್ನೂ ಬಿಸಿಲಿತ್ತು. ಮೂಲೆಯ ಗಾಡಿಯವಳು ಟೊಮೇಟೊ ಬುಟ್ಟಿ ತಿರುವುತ್ತ ಕೇಳಿದಳು, "ದೋರೆಗಾಯಿ ಕೊಡ್ಲಾ ಅಕ್ಕಾ, ಎರಡು ದಿನ ಇರುತ್ತೆ?"

"ಬೇಡ. ಕೆಂಪಗಿರೋದೇ ಹಾಕು."

ಹೊತ್ತಿಗೆ ಮುಂಚೆ ಬಂದವಳನ್ನು ಕಂಡು ಗಂಡ ಎದ್ದು ಬಂದು ಕೈಯ ಚೀಲ ಇಸಿದುಕೊಂಡ. ಕಾರ್ಡಿನ ಪಟ್ಟಿ ಇಲ್ಲದ ಅವಳ ಕೊರಳು ನೋಡಿದ. ಅಭ್ಯಾಸದಿಂದ ಚಾಕುವಿಗೆ ಕೈ ಹಾಕಿದ.

"ಇಲ್ಲಿ ಕೊಡಿ," ಎಂದು ಅವಳು ಮಣೆ ಎಳೆದುಕೊಂಡು ಕೂತಳು. ಮೊದಲ ಹಣ್ಣು ಎರಡಾಯಿತು. ರಸ ಮಣೆಯ ಅಂಚಿನವರೆಗೆ ಹರಿದು, ಅವಳ ಬೆರಳ ಸಂದಿಗೆ ಇಳಿಯಿತು. ಅವಳು ಅದನ್ನು ಒರೆಸಿಕೊಳ್ಳದೆ ಇನ್ನೊಂದು ಹಣ್ಣು ತೆಗೆದುಕೊಂಡಳು.