ಹದಿನೆಂಟನೇ ತಾರೀಖಿನ ಫೈಲು

ಫೈಲಿನೊಳಗೆ ಎರಡೇ ಕಾಗದಗಳಿದ್ದವು. ಒಂದು, ಚಾಕುಗಳಿಗೆ ಸಾಣೆ ಹಿಡಿಯುವವನಿಗೆ ಫೋನು ಮಾಡಬೇಕೆಂಬ ಚೀಟಿ. ಇನ್ನೊಂದರಲ್ಲಿ ತನ್ನದೇ ಹೆಸರು ಕಂಡು ಕಿನುಯೊ ಅರಿಸಾಕಾ ಹಣೆಯ ಮೇಲಿದ್ದ ಕನ್ನಡಕವನ್ನು ಮೂಗಿಗಿಳಿಸಿಕೊಂಡಳು.

‘ಅರಿಸಾಕಾ ಅವರು ಬರೆದ ಮುಂದಿನ ತಿಂಗಳ ಅಲರ್ಜಿ ಪಟ್ಟಿಯನ್ನು ಅವರು ಊಟಕ್ಕೆ ಹೋದಾಗ ನೋಡುವುದು. ತಪ್ಪಿದ್ದರೆ ಟೈಪು ಮಾಡುವಾಗ ಸರಿಪಡಿಸುವುದು. ಅವರಿಗೆ ತಿಳಿಯಕೂಡದು.’

ಮೂರು ಸಲ ಓದಿದಳು. ಚೌಕ ಚೌಕವಾದ ಆ ಅಕ್ಷರ ಮೊಗಾಮಿಯವರದೇ. ಮಾರ್ಚ್ ಮೂವತ್ತೊಂದಕ್ಕೆ ನಿವೃತ್ತರಾಗಿ, ಹೂಗುಚ್ಛ ಹಿಡಿದು, ಎಲ್ಲರಿಗೂ ಬಗ್ಗಿ ವಂದಿಸಿ ಹೋದ ಗುಮಾಸ್ತರು. ಅವರ ಜಾಗಕ್ಕೆ ಯಾರೂ ಬರಲಿಲ್ಲ. ಕೆಲಸವೆಲ್ಲ ಕಿನುಯೊ ತಲೆಗೆ ಬಂತು. ಬಂತು ಎಂದರೆ, ಮೇಜಿನ ಕೆಳಗಿನ ತಗಡಿನ ಪೆಟ್ಟಿಗೆ ಬಂತು. ಅದರಲ್ಲಿ ನಲವತ್ತಮೂರು ಫೈಲು: ತಿಂಗಳಿಗೊಂದರಂತೆ ಹನ್ನೆರಡು, ತಾರೀಖಿಗೊಂದರಂತೆ ಮೂವತ್ತೊಂದು.

"ಬೆಳಿಗ್ಗೆ ಬಂದ ಕೂಡ್ಲೇ ಇವತ್ತಿನ ತಾರೀಖಿಂದು ತೆಗೀರಿ," ಎಂದು ಹೇಳಿಕೊಟ್ಟಿದ್ದರು. "ಒಳಗೆ ಇರೋದನ್ನ ಮಾಡಿ. ಮಾಡಿದ ಮೇಲೆ, ಮತ್ತೆ ಯಾವತ್ತು ಮಾಡ್ಬೇಕೋ ಆ ಫೈಲಿಗೆ ಹಾಕಿ. ತಲೇಲಿ ಏನೂ ಇಟ್ಕೋಬೇಡಿ ಅರಿಸಾಕಾ-ಸಾನ್. ತಲೆ ಸೋರತ್ತೆ."

ಕಿನುಯೊಗೆ ಆ ಪೆಟ್ಟಿಗೆ ಕಂಡರೆ ಒಳಗೊಳಗೇ ನಗು. ಅವಳಿಗೆ ಅವಳ ಡೈರಿ ಇತ್ತು. ಪ್ರತಿ ಅಕ್ಟೋಬರಿನಲ್ಲಿ ಸ್ಟೇಷನ್ನಿನ ಎದುರಿನ ಅಂಗಡಿಗೆ ಹೋಗಿ, ಹಾಳೆ ಮುಟ್ಟಿ ನೋಡಿ, ಕೊಂಡು ತರುವ ಡೈರಿ. ಅದಕ್ಕೂ ಅಲರ್ಜಿ ಪಟ್ಟಿಗೂ ನಾಲ್ಕು ಬಣ್ಣದ ಅಂಟುಚೀಟಿ: ಮೊಟ್ಟೆಗೆ ಹಳದಿ, ಹಾಲಿಗೆ ನೀಲಿ, ಬೀಜಗಳಿಗೆ ಕೆಂಪು, ಉಳಿದದ್ದಕ್ಕೆಲ್ಲ ಹಸಿರು. ಈ ಅಡುಗೆ ಕೇಂದ್ರದಲ್ಲಿ ದಿನವೂ ಆರು ಶಾಲೆಗಳ ಎರಡು ಸಾವಿರದ ಮುನ್ನೂರು ಮಕ್ಕಳಿಗೆ ಅಡುಗೆಯಾಗುತ್ತಿತ್ತು. ಅವರಲ್ಲಿ ನಲವತ್ತೊಂದು ಮಕ್ಕಳಿಗೆ ಯಾವುದಾದರೊಂದು ಒಗ್ಗದು. ಅವರ ಊಟ ಹೆಸರು ಬರೆದ ಬೇರೆ ತಟ್ಟೆಯಲ್ಲಿ ಹೋಗಬೇಕು. ಯಾರಿಗೆ, ಯಾವ ದಿನ, ಏನು ಬೇಡವೆಂದು ತಿಂಗಳಿಗೊಮ್ಮೆ ಪಟ್ಟಿ ಬರೆಯುವುದು ಆಹಾರತಜ್ಞೆಯಾದ ಅವಳ ಕೆಲಸ. ಹನ್ನೊಂದು ವರ್ಷದಿಂದ ಒಂದು ತಟ್ಟೆಯೂ ತಪ್ಪಿರಲಿಲ್ಲ. ನಗರಸಭೆಯ ಪ್ರಶಸ್ತಿಪತ್ರ ಗೋಡೆಯಲ್ಲಿ ತೂಗುತ್ತಿತ್ತು. ಬರುವ ಗುರುವಾರ, ಹೊಸದಾಗಿ ಕೆಲಸಕ್ಕೆ ಸೇರಿದ ಆಹಾರತಜ್ಞರಿಗೆ ಅವಳು ತನ್ನ ಡೈರಿಯ ಬಗ್ಗೆ ಒಂದು ಗಂಟೆ ಮಾತಾಡಬೇಕಿತ್ತು. ‘ನಾಲ್ಕು ಬಣ್ಣ ಇದ್ದರೆ ತಪ್ಪಿಲ್ಲ’ ಎಂದು ಆ ಮಾತಿಗೆ ಹೆಸರನ್ನೂ ಅವಳೇ ಇಟ್ಟಿದ್ದಳು.

ಕಾಗದವನ್ನು ತಿರುವಿದಳು. ಹಿಂಬದಿಯಲ್ಲಿ ಸ್ಕೇಲಿಟ್ಟು ಎಳೆದ ಪುಟ್ಟ ಪುಟ್ಟ ಮನೆಗಳು. ತಿಂಗಳಿಗೊಂದು ಮನೆ, ವರ್ಷಕ್ಕೊಂದು ಸಾಲು, ಹನ್ನೊಂದು ಸಾಲು. ಮನೆಮನೆಯಲ್ಲೂ ಪೆನ್ಸಿಲ್ಲಿನ ಅಡ್ಡಗೆರೆ, ಏನೂ ಸಿಗಲಿಲ್ಲ ಎಂಬಂತೆ. ಏಳು ಮನೆಗಳಲ್ಲಿ ಮಾತ್ರ ಇರುವೆ ಸಾಲಿನಂಥ ಅಕ್ಷರ. ‘ಹಾಲು, ಎರಡನೇ ತರಗತಿ.’ ‘ಮೊಟ್ಟೆ. ಒಂದೇ ಹೆಸರಿನ ಇಬ್ಬರು, ಅದಲುಬದಲು.’ ‘ಕಡಲೆಕಾಯಿ.’ ಪ್ರಶಸ್ತಿಪತ್ರ ಬಂದ ನವೆಂಬರಿನ ಮನೆಯಲ್ಲಿ ‘ಸೀಗಡಿ’ ಎಂದಿತ್ತು.

ಕಿನುಯೊಗೆ ಕಿವಿ ಕಟ್ಟಿದಂತಾಯಿತು. ಗಾಜಿನಾಚೆ ಅಡುಗೆಮನೆಯ ಕೊಪ್ಪರಿಗೆಗಳಲ್ಲಿ ದೋಣಿಯ ಹುಟ್ಟಿನಂಥ ಸೌಟುಗಳು ಆಡುತ್ತಿದ್ದವು, ಹಬೆ ಏಳುತ್ತಿತ್ತು, ಯಾರೋ ಬಾಯಿ ತೆರೆದು ನಗುತ್ತಿದ್ದರು. ಯಾವುದಕ್ಕೂ ಸದ್ದಿರಲಿಲ್ಲ. ಕಾಗದವನ್ನು ಮೇಜಿನ ಮೇಲಿಟ್ಟಳು.

ಮೇ ತಿಂಗಳ ಪಟ್ಟಿ ತಯಾರಾಗಿ ಮುಂದೆಯೇ ಇತ್ತು. ಸಂಜೆ ನಾಲ್ಕಕ್ಕೆ ಶಾಲೆಗಳಿಗೆ ಹೋಗಬೇಕಾದದ್ದು. ಡೈರಿ ತೆರೆದು, ಒಂದನೇ ತಾರೀಖಿನಿಂದ, ಒಂದೊಂದೇ ಅಡುಗೆ ಹಿಡಿದು ಮತ್ತೆ ನೋಡಿದಳು. ಸರಿಯಿತ್ತು. ಇನ್ನೊಮ್ಮೆ ನೋಡಿದಳು. ಆಗಲೂ ಸರಿಯಿತ್ತು. ಹೋದ ಜೀವ ಬಂದ ಮೇಲೆ ಸಿಟ್ಟು ಬಂತು. ಊಟದ ವ್ಯಾನುಗಳು ಹೊರಟು ಅಂಗಳ ಖಾಲಿಯಾಗುವವರೆಗೆ ತಡೆದುಕೊಂಡಳು. ಆಮೇಲೆ ಫೋನು ಮಾಡಿದಳು.

"ಹದಿನೆಂಟು ಅಲ್ವಾ ಇವತ್ತು," ಎಂದರು ಮೊಗಾಮಿ, ನಮಸ್ಕಾರಕ್ಕೂ ಮೊದಲೇ. "ಬೀನ್ಸ್ ಬಳ್ಳಿಗೆ ಕೋಲು ಕಟ್ತಾ ಇದ್ದೆ. ಫೋನ್ ಬರತ್ತೆ ಅಂತ ಒಳಗೆ ಬಂದು ಕೂತಿದೀನಿ."

"ಏಳು ಸಲ, ಮೊಗಾಮಿ-ಸಾನ್."

"ಏಳೇ ಸಲ. ಆಗಸ್ಟ್ ರಜೆ ಬಿಟ್ರೆ ನೂರಾ ಇಪ್ಪತ್ತೊಂದು ತಿಂಗಳಲ್ಲಿ ಏಳು. ನನ್ನ ಟೈಪಿಂಗ್ ತಪ್ಪೇ ಅದಕ್ಕಿಂತ ಜಾಸ್ತಿ."

"ನನಗ್ಯಾಕೆ ಹೇಳ್ಲಿಲ್ಲ?"

"ಮೊದಲನೇ ಸಲ ಏನ್ ಮಾಡಿದ್ರಿ, ನೆನಪಿದ್ಯಾ?"

ನೆನಪಿತ್ತು. ಕೆಲಸಕ್ಕೆ ಸೇರಿದ ವರ್ಷ ಒಂದು ತಟ್ಟೆಯಲ್ಲಿ ಹಾಲಿನ ಸಾರು ಹೋಗುವುದರಲ್ಲಿತ್ತು. ಬಾಗಿಲ ಬಳಿ ಅಡುಗೆಯವರೊಬ್ಬರು ಹಿಡಿದರು. ಮಗುವಿಗೆ ಏನೂ ಆಗಲಿಲ್ಲ. ಕಿನುಯೊ ಮಾತ್ರ ಸಾಮಾನು ಕೋಣೆಯಲ್ಲಿ ಅಕ್ಕಿ ಮೂಟೆಗಳ ನಡುವೆ ಕೂತು ರಾಜೀನಾಮೆ ಬರೆದಿದ್ದಳು. ಮೊಗಾಮಿ ಅದನ್ನು ಓದದೆ ಹರಿದು, ಚಹಾ ಮಾಡಿ ಕೊಟ್ಟಿದ್ದರು. ಅವಳು ಡೈರಿ ಹಿಡಿದದ್ದು ಆ ತಿಂಗಳಿನಿಂದ. ಕಾಗದದ ಮೊದಲ ಮನೆಯೂ ಅದೇ ತಿಂಗಳದು.

"ಹೆದರಿದ ಕೈಗೆ ಇನ್ನೂ ತಪ್ಪಾಗತ್ತೆ," ಎಂದರು ಮೊಗಾಮಿ. "ಎಲ್ಲಾ ಸರಿ ಇದೆ ಅಂತ ನಂಬಿದ್ರೆ ಕೈ ನೆಟ್ಟಗಿರತ್ತೆ. ನಂಬ್ಕೊಂಡಿರ್ಲಿ ಅಂತ ಬಿಟ್ಟೆ. ಮಾಡಿದ್ದು ಸರಿಯೋ ತಪ್ಪೋ, ನಂಗೂ ಗೊತ್ತಿಲ್ಲ ನೋಡಿ."

"ಮತ್ತೆ ಈ ಕಾಗದ ಇಲ್ಲೇ ಯಾಕೆ ಬಿಟ್ಟು ಹೋದ್ರಿ?"

"ಹೋಗೋ ದಿನ ಮೂರು ಸಲ ತೆಗೆದೆ, ಮೂರು ಸಲ ವಾಪಸ್ ಇಟ್ಟೆ. ತಗೊಂಡು ಹೋದ್ರೆ ಇನ್ಯಾರು ನೋಡ್ತಾರೆ?" ಎಂದರು. "ಮೇ ತಿಂಗಳದ್ದು ನೋಡಿದ್ರಾ?"

"ಎರಡು ಸಲ. ಏನೂ ಇಲ್ಲ." ಅವಳ ದನಿಯಲ್ಲಿ ಬಿಗುಮಾನವಿತ್ತು.

"ಒಂದನೇ ತಾರೀಖಿಂದ? ಅಡುಗೆ ಹಿಡ್ಕೊಂಡು?"

"ಮತ್ತೆ ಹೇಗೆ ನೋಡ್ತಾರೆ?"

"ಹಿಂದಿಂದ ನೋಡಿ. ಅಡುಗೆ ಬಿಡಿ, ಮಗು ಹಿಡ್ಕೊಳ್ಳಿ. ಕೊನೇ ಹಾಳೆಯ ಕೊನೇ ಮಗು. ಅದು ಯಾವ ಶಾಲೇಲಿ ಕೂತಿದೆ, ಅದರ ತಟ್ಟೆ ಎಲ್ಲಿಗೆ ಹೋಗತ್ತೆ ಅಂತ ಬೆರಳಿಟ್ಕೊಂಡು ಹೋಗಿ. ಏಪ್ರಿಲ್ ಅಂದ್ರೆ ಹೊಸ ಶಾಲಾವರ್ಷ, ಮಕ್ಕಳು ಜಾಗ ಬದಲಾಯಿಸೋ ತಿಂಗಳು. ಫೋನ್ ಇಡಬೇಡಿ, ನಾನು ಕಾಯ್ತೀನಿ."

ಅವಳು ಕೊನೆಯ ಹಾಳೆ ತೆಗೆದಳು. ನಲವತ್ತೊಂದು. ನಲವತ್ತು. ಫೋನಿನಲ್ಲಿ ಮೊಗಾಮಿಯವರ ಉಸಿರು, ಅದರ ಹಿಂದೆ ಯಾವುದೋ ಹಕ್ಕಿ. ಮೂವತ್ತೇಳು. ಮೂವತ್ತಾರು. ಮೂವತ್ತನಾಲ್ಕರಲ್ಲಿ ಬೆರಳು ನಿಂತಿತು.

ಇತೊನೊ ಎಂಬ ಹುಡುಗಿ, ಮೂರನೇ ತರಗತಿ. ಹೋದ ವಾರ ಗುಡ್ಡದ ಶಾಲೆಯಿಂದ ಹೊಳೆಬದಿಯ ಶಾಲೆಗೆ ಸೇರಿದ್ದಳು. ಕಿನುಯೊ ಅವಳ ಹೆಸರನ್ನು ಹೊಸ ಶಾಲೆಯ ಸಾಲಿಗೆ ಬರೆದಿದ್ದಳು. ಕೆಂಪು ಚೀಟಿ ಮಾತ್ರ ಗುಡ್ಡದ ಶಾಲೆಯ ಸಾಲಿನಲ್ಲೇ ಅಂಟಿಕೊಂಡಿತ್ತು. ಮೇ ಹದಿಮೂರರಂದು ಅಕ್ರೋಟು ಅರೆದು ಕಲಸಿದ ಪಾಲಕ್ ಸೊಪ್ಪು. ಪಟ್ಟಿ ಹೀಗೇ ಹೋಗಿದ್ದರೆ ಅಕ್ರೋಟಿಲ್ಲದ ತಟ್ಟೆ ಗುಡ್ಡ ಹತ್ತಿ ಹೋಗಿ ಖಾಲಿ ಕುರ್ಚಿಯ ಮುಂದೆ ಕೂರುತ್ತಿತ್ತು. ಹುಡುಗಿ ಹೊಳೆಬದಿಯಲ್ಲಿ ಎಲ್ಲರ ಜೊತೆ ಎಲ್ಲರ ಊಟ ಮಾಡುತ್ತಿದ್ದಳು. ತಾಯಿ ತುಂಬಿಕೊಟ್ಟ ಅರ್ಜಿ ಕಿನುಯೊಗೆ ಬಾಯಿಪಾಠವಾಗಿತ್ತು: ನಾಲ್ಕನೇ ವಯಸ್ಸಿನಲ್ಲಿ ಒಂದೇ ತುತ್ತು, ಆಂಬುಲೆನ್ಸ್, ಎರಡು ರಾತ್ರಿ ಆಸ್ಪತ್ರೆ.

"ಸಿಕ್ತಾ?" ಎಂದರು ಮೊಗಾಮಿ.

"ಅಕ್ರೋಟು," ಎಂದಳು.

"ಸಿಕ್ತಲ್ಲ, ಬಿಡಿ," ಎಂದರು. "ಹಿಂದಿನ ಮನೆಗಳನ್ನ ಇನ್ನು ನೋಡ್ಬೇಡಿ. ಮುಂದಿನ ಮನೆ ತುಂಬಿ."

ಫೋನು ಇಟ್ಟ ಮೇಲೂ ಅವಳ ಬೆರಳು ಮೂವತ್ತನಾಲ್ಕರ ಮೇಲೇ ಇತ್ತು. ಬಾಗಿಲು ತೆರೆದು ಅಡುಗೆಯವರ ಮುಖ್ಯಸ್ಥೆ ತೊಕಿಕೊ ಒಳಗೆ ಬಂದಳು. ಅರವತ್ತರ ಹತ್ತಿರದ ಹೆಂಗಸು; ಬಿಳಿ ಟೋಪಿ ತೆಗೆದ ಹಣೆಯಲ್ಲಿ ಎಲಾಸ್ಟಿಕ್ಕಿನ ಗೆರೆ ಕೆಂಪಗೆ ಮೂಡಿತ್ತು. ಈ ಕೇಂದ್ರದಲ್ಲಿ ಆಹಾರತಜ್ಞೆಯನ್ನು ಎಲ್ಲರೂ ಟೀಚರ್ ಎಂದೇ ಕರೆಯುತ್ತಿದ್ದರು.

"ಏನ್ ಟೀಚರಮ್ಮ, ದೆವ್ವ ಕಂಡಂಗೆ ಕೂತಿದೀರಾ. ಇವತ್ತಿನ ಸಾರು ಅಷ್ಟು ಕೆಟ್ಟದಾಗಿತ್ತಾ?"

ಕಿನುಯೊ ಕಾಗದವನ್ನು ಅವಳ ಮುಂದೆ ಸರಿಸಿದಳು. ತೊಕಿಕೊ ತೋಳು ಚಾಚಿ ದೂರ ಹಿಡಿದು ಓದಿದಳು. ತಿರುವಿ ಹಿಂಬದಿ ನೋಡಿದಳು.

"ಓ, ಇದಾ," ಎಂದಳು. "ನೀವು ಊಟಕ್ಕೆ ಎದ್ದಿದ್ದೇ ತಡ, ಆ ಮನುಷ್ಯ ನಿಮ್ಮ ಮೇಜಿಗೆ ಬಂದು ಬಗ್ಗೋನು. ನಾವೆಲ್ಲ ಗಾಜಿನಿಂದ ನೋಡ್ತಿದ್ವಿ. ಪ್ರೇಮಪತ್ರ ಇಡ್ತಾವ್ನೆ ಅಂತ ಎರಡು ವರ್ಷ ಮಾತಾಡ್ಕೊಂಡ್ವಿ."

"ನಿಮಗೆಲ್ಲ ಗೊತ್ತಿತ್ತಾ?"

"ಹಿಂಗೆ ಅಂತ ಗೊತ್ತಿರ್ಲಿಲ್ಲ. ಪ್ರೇಮ ಅಲ್ಲ ಅಂತ ಮಾತ್ರ ಗೊತ್ತಾಯ್ತು. ಹನ್ನೊಂದು ವರ್ಷ ಪತ್ರ ಬರೆಯೋ ಗಂಡಸು ಎಲ್ಲಿದಾನೆ?" ನಗುತ್ತ ನಗುತ್ತ ಕಿನುಯೊ ಮುಖ ನೋಡಿದಳು. "ಇವತ್ತೂ ಇತ್ತಾ?"

"ಇತ್ತು. ಅಕ್ರೋಟು. ನನಗೆ ಕಾಣಿಸ್ಲೇ ಇಲ್ಲ ತೊಕಿಕೊ-ಸಾನ್. ಎರಡು ಸಲ ನೋಡ್ದೆ."

ತೊಕಿಕೊ ಕುರ್ಚಿಯ ಬೆನ್ನನ್ನು ಹಿಡಿದುಕೊಂಡಳು. ಆ ತಟ್ಟೆಗಳನ್ನು ತುಂಬುವುದು ಅವಳ ಕೈ. ಪಟ್ಟಿಯಲ್ಲಿ ಇರುವ ಹಾಗೆ ತುಂಬುವ ಕೈ.

"ಗುರುವಾರದ ಭಾಷಣ?" ಎಂದಳು.

"ಹೆಸರು ಬದಲಾಯಿಸ್ಬೇಕು," ಎಂದಳು ಕಿನುಯೊ. ಡೈರಿಯ ಗುರುವಾರದ ಪುಟ ತೆರೆದೇ ಇತ್ತು; ಅದನ್ನು ಮುಚ್ಚಿದಳು. ಪಟ್ಟಿಯ ಕೆಂಪು ಚೀಟಿಯನ್ನು ಉಗುರಿನಿಂದ ಎಬ್ಬಿಸಿ ಹೊಳೆಬದಿಯ ಸಾಲಿಗೆ ಅಂಟಿಸಿದಳು. ಕಾಗದದ ಕೊನೆಯಲ್ಲಿ ಸ್ಕೇಲಿಟ್ಟು ಹನ್ನೆರಡನೇ ಸಾಲು ಎಳೆದು, ಮೊದಲ ಮನೆಯಲ್ಲಿ ‘ಅಕ್ರೋಟು’ ಎಂದು ಬರೆದಳು. ಬರೆಯುವಾಗ ಅಕ್ಷರ ಸ್ವಲ್ಪ ಸೊಟ್ಟಗಾಯಿತು. ಆಮೇಲೆ ಪಟ್ಟಿಯನ್ನು ಮೇಜಿನ ನಡುವೆ ಇಟ್ಟು, ಅದರ ಮೇಲೆ ಪೆನ್ಸಿಲ್ ಇಟ್ಟು, ಊಟದ ಡಬ್ಬಿ ತೆಗೆದುಕೊಂಡು ಎದ್ದಳು.

"ಕೊನೇ ಹಾಳೆಯಿಂದ," ಎಂದಳು. "ಅಡುಗೆ ಹಿಡೀಬೇಡಿ. ಮಗು ಹಿಡೀರಿ."

"ನಾನಾ? ಈರುಳ್ಳಿ ಹೆಚ್ಚೋಳು ನಾನು."

"ನಾನು ಊಟಕ್ಕೆ ಹೋಗ್ತಿದೀನಿ," ಎಂದಳು ಕಿನುಯೊ.

ಅಂಗಳದ ಬೆಂಚಿನ ಮೇಲೆ ಬಿಸಿಲಿತ್ತು. ಪಕ್ಕದ ತೋಟದಲ್ಲಿ ಸೇಬಿನ ಗಿಡಗಳು ಮೊಗ್ಗು ಬಿಟ್ಟಿದ್ದವು. ಅವಳು ಡಬ್ಬಿಯ ಬಟ್ಟೆ ಬಿಚ್ಚಿ, ಮುಚ್ಚಳ ತೆಗೆದು, ಅನ್ನದ ಮೇಲಿನ ಉಪ್ಪಿನಕಾಯಿಯನ್ನು ನೋಡುತ್ತ ಕೂತಳು. ಕಿಟಕಿಯ ಕಡೆ ನೋಡಬಾರದೆಂದುಕೊಂಡಿದ್ದಳು. ನೋಡಿದಳು.

ತೊಕಿಕೊ ಅವಳ ಕುರ್ಚಿಯಲ್ಲಿ ಕೂರದೆ, ನಿಂತೇ ಬಗ್ಗಿದ್ದಳು. ಕೈಯನ್ನು ಏಪ್ರನ್ನಿಗೆ ಎರಡೆರಡು ಸಲ ಒರೆಸಿ ಹಾಳೆ ತಿರುವುತ್ತಿದ್ದಳು. ತುಟಿಗಳು ಅಲ್ಲಾಡುತ್ತಿದ್ದವು, ಒಂದೊಂದು ಹೆಸರನ್ನೂ ಬಾಯಿಬಿಟ್ಟು ಓದುತ್ತಿರಬೇಕು. ಪೆನ್ಸಿಲ್ ಹಿಂದಿನಿಂದ ಮುಂದಕ್ಕೆ ಮೆಲ್ಲಗೆ ಇಳಿಯುತ್ತ, ಏರುತ್ತ ಬಂತು. ಮೊದಲ ಹಾಳೆಗೆ ಬಂತು. ಅಲ್ಲಿ ಒಂದು ಕಡೆ ನಿಂತಿತು.

ಕಿನುಯೊ ಏಳಲಿಲ್ಲ. ಬಾಯಲ್ಲಿದ್ದ ತುತ್ತನ್ನು ಅಗಿಯದೆ, ಪೆನ್ಸಿಲ್ ಮತ್ತೆ ಯಾವಾಗ ಅಲ್ಲಾಡೀತೆಂದು ನೋಡುತ್ತ ಕೂತಳು.