ಬಲಕ್ಕೆ ತಿರುಗಿದ ಕತ್ತು

“ಬಿಡಪ್ಪಾ, ನೆಟ್ಟಗೆ ಮಾಡ್ಬೇಡ,” ಎಂದಳು ಲೆಂಪಿ.

ಹೆಣ ಸಿಂಗರಿಸುವವನು ಅವಳ ಗಂಡ ಉರ್ಹೊನ ಬಲಗೆನ್ನೆಗೆ ಅಂಗೈ ಕೊಟ್ಟು ಒತ್ತುತ್ತಿದ್ದ. ಕೈ ತೆಗೆದ ಕೂಡಲೇ ಪೆಟ್ಟಿಗೆಯೊಳಗಿನ ತಲೆ ಮೆಲ್ಲಗೆ ಬಲಭುಜದ ಕಡೆಗೆ ಹೊರಳಿತು.

“ಅತ್ತಿಗೆ, ಊರೆಲ್ಲ ನೋಡೋಕ್ ಬರುತ್ತೆ,” ಎಂದ ಮೈದುನ ವೈಕ್ಕೊ. “ಇವತ್ತೊಂದಿನ ಆದ್ರೂ ನಮ್ಮಣ್ಣ ನೆಟ್ಟಗೆ ಮಲಗ್ಲಿ.”

“ನೆಟ್ಟಗೆ ಮಲಗಿಸಿದ್ರೆ ಬೇರೆ ಯಾರೋ ಅನ್ಕೋತಾರೆ. ಹಾಗೇ ಇರ್ಲಿ.”

ವೈಕ್ಕೊ ನಿಟ್ಟುಸಿರುಬಿಟ್ಟು ದಿಂಬನ್ನು ಬಲಕ್ಕೆ ಸರಿಸಿದ.

ಪ್ರಾರ್ಥನೆ ಮುಗಿದ ಮೇಲೆ ಚರ್ಚಿನ ನೆಲಮಾಳಿಗೆಯಲ್ಲಿ ಕಾಫಿ, ಏಲಕ್ಕಿ ಬ್ರೆಡ್ಡು. ದೊಡ್ಡ ಸರೋವರದ ಮೇಲಿಂದ ಬಂದ ಹಿಮ ರಾತ್ರಿಯಿಡೀ ಸುರಿದಿತ್ತು. ಹೆಣದ ಗಾಡಿ ಇನ್ನೂ ಬಂದಿರಲಿಲ್ಲ. ಗಂಡಸರ ಮಾತು ಸತ್ತವನಿಂದ ಅವನ ಟ್ರ್ಯಾಕ್ಟರಿಗೂ, ಅಲ್ಲಿಂದ ಅದರ ಹಿಮ ಎಸೆಯುವ ಯಂತ್ರಕ್ಕೂ ಹೊರಳಿತು.

“ಆ ಯಂತ್ರನ ಟ್ರ್ಯಾಕ್ಟರ್ ಮುಂದ್ಗಡೆ ಹಾಕಿಸ್ಕೊಂಡಿದ್ರೆ ಇನ್ನೊಂದಿಷ್ಟು ವರ್ಷ ಇರ್ತಿದ್ದ,” ಎಂದ ಪಕ್ಕದ ಹೊಲದ ಓಸ್ಕರ್.

“ಕತ್ತು ನೋವಿಂದ ಯಾರಾದ್ರೂ ಸಾಯ್ತಾರೇನೋ? ಎದೆ ನಿಂತಿದ್ದು ಕಣೋ,” ಎಂದ ಹಾಲಿನ ಏಯ್ನೊ. “ಮುಂದ್ಗಡೆದನ್ನ ಕಳಚಿ ಹಾಕೋಕೆ ಅರ್ಧ ದಿನ ಬೇಕು. ಹಿಂದ್ಗಡೆದು ಹಂಗಲ್ಲ. ಸಿಕ್ಕಿಸು, ಹೊರಡು.”

“ಹೊರಡು, ಕತ್ತು ತಿರುಗಿಸ್ಕೊಂಡು ಹಿಮ್ಮುಖವಾಗಿ! ಕುದುರೆ ಮೇಲೆ ಬಾಲ ನೋಡ್ಕೊಂಡು ಕೂತ ಹಾಗೆ,” ಎಂದ ಓಸ್ಕರ್.

ಎಲ್ಲರೂ ನಕ್ಕರು.

“ದುಡ್ಡು ಉಳಿಸೋಕೆ ಹಿಂದ್ಗಡೆದು ತಗೊಂಡ. ಜಿಪುಣ, ನಮ್ಮ ಉರ್ಹೊ,” ಎಂದು ಓಸ್ಕರ್ ಮುಗಿಸುವಷ್ಟರಲ್ಲಿ ಲೆಂಪಿ ಹೂಜಿ ಹಿಡಿದು ಹಿಂದೆ ನಿಂತಿದ್ದಳು. ಅವನ ಕಿವಿ ಕೆಂಪಾಯಿತು. ಲೆಂಪಿ ಅವನ ಲೋಟ ತುಂಬಿಸಿದಳು.

*

ಮೊದಲು ಉರ್ಹೊನ ಹತ್ತಿರವೂ ಟ್ರ್ಯಾಕ್ಟರಿನ ಮುಂದಕ್ಕೆ ಸಿಕ್ಕಿಸುವ ಯಂತ್ರವೇ ಇತ್ತು. ಎದುರಿಗೆ ನೋಡುತ್ತ, ಸಿಳ್ಳೆ ಹಾಕುತ್ತ ಅಂಗಳದ ಹಿಮ ಬಳಿಯುತ್ತಿದ್ದ. ಗೋಡೆ ಬಂದಾಗ ಗೇರು ಬದಲಿಸಿ, ತಿರುಗಿ ನೋಡದೆಯೇ ಹಿಂದಕ್ಕೆ ಸರಿಯುತ್ತಿದ್ದ. ಈಗತಾನೆ ಬಳಿದ ಜಾಗ, ನೋಡುವುದೇನಿದೆ? ಒಂದು ಬೆಳಿಗ್ಗೆ ಆ ಜಾಗದಲ್ಲಿ ನಾಲ್ಕು ವರ್ಷದ ಮಗಳು ಐಲಿ ಕೂತು ಹಿಮದ ರೊಟ್ಟಿ ತಟ್ಟುತ್ತಿದ್ದಳು.

ಮುಂದಿನ ಚಳಿಗಾಲಕ್ಕೆ ಮೊದಲು ಮನೆಯಲ್ಲಿ ಉಳಿದ ಗಂಡಹೆಂಡತಿ ಇಬ್ಬರೇ ಹೊಸ ಯಂತ್ರ ಕೊಳ್ಳಲು ಅಂಗಡಿಗೆ ಹೋದರು.

“ಮುಂದ್ಗಡೆದೇ ತಗೊಳ್ಳಿ ಯಜಮಾನ್ರೆ,” ಎಂದಿದ್ದ ಅಂಗಡಿಯವನು. “ಸುಖವಾಗಿ ಕೂತು ಕೆಲ್ಸ ಮಾಡ್ಬಹುದು. ಹಿಂದ್ಗಡೆದು ಕತ್ತು ಹಾಳು ಮಾಡುತ್ತೆ.”

“ಅದನ್ನ ಹಾಕ್ಕೊಂಡ್ರೆ ಹಿಂದೆ ನೋಡ್ಲೇಬೇಕಾ?” ಎಂದು ಕೇಳಿದ ಉರ್ಹೊ.

“ನೋಡ್ದೆ ವಿಧಿಯಿಲ್ಲ. ಕೆಲ್ಸ ಮುಗಿಯೋವರ್ಗೂ ತಿರುಗಿಕೊಂಡೇ ಇರ್ಬೇಕು.”

“ಅದನ್ನೇ ಕೊಡು.”

ಆಮೇಲೆ ಇಬ್ಬರೂ ಆ ಮಾತು ಎತ್ತಲಿಲ್ಲ. ಚಳಿಗಾಲಗಳು ಕಳೆದಂತೆ ಅವನ ಕತ್ತು ಬಲಕ್ಕೆ ತಿರುಗುತ್ತ ಬಂತು. ಕೊನೆಗೆ ಬೇಸಿಗೆಯಲ್ಲೂ ನೆಟ್ಟಗಾಗಲಿಲ್ಲ. ಊಟಕ್ಕೆ ಕೂತಾಗಲೂ ಯಾರೋ ಹಿಂದೆ ನಿಂತಿದ್ದಾರೆ ಎನ್ನುವ ಹಾಗೆ ಕೂರುತ್ತಿದ್ದ. ಲೆಂಪಿ ಕುರ್ಚಿಯನ್ನು ಅವನ ಬಲಗಡೆಗೆ ಹಾಕಿಕೊಂಡು ಉಣ್ಣುತ್ತಿದ್ದಳು.

*

“ಗಾಡಿ ಬಂತು,” ಎಂದು ಮೇಲಿಂದ ಯಾರೋ ಕೂಗಿದರು.

ಪಕ್ಕದ ಬಾಗಿಲಿಗೆ ಬರುವ ದಾರಿ ಇಕ್ಕಟ್ಟು. ಎರಡೂ ಬದಿ ಆಳೆತ್ತರ ಹಿಮ. ಕರಿಯ ಗಾಡಿ ರಸ್ತೆಯಲ್ಲೇ ತಿರುಗಿ, ಹಿಮ್ಮುಖವಾಗಿ ಒಳಗೆ ಬರತೊಡಗಿತು. ಪೆಟ್ಟಿಗೆ ಹೊತ್ತವರು ಬಾಗಿಲಲ್ಲಿ ಕಾದು ನಿಂತಿದ್ದರು. ಲೆಂಪಿ ಅವರ ನಡುವೆ ತೂರಿ, ಕೋಟೂ ಇಲ್ಲದೆ ಹಿಮಕ್ಕೆ ಇಳಿದಳು.

“ಅತ್ತಿಗೆ! ಗಾಡಿ ಹಿಂದಕ್ಕೆ ಬರ್ತಿದೆ, ಈಚೆಗ್ ಬನ್ನಿ!” ವೈಕ್ಕೊ ಕಿರುಚಿದ.

ಅವಳು ಅಂಗೈ ಎತ್ತಿ ಹಿಡಿದಳು. ಗಾಡಿ ನಿಂತಿತು. ಅವಳು ಮೊಣಕಾಲೂರಿ, ಎರಡು ಗಾಲಿಗಳ ನಡುವೆ ತಲೆ ತಗ್ಗಿಸಿ ನೋಡಿದಳು. ಆ ಕಡೆ ನೋಡಿದಳು, ಈ ಕಡೆ ನೋಡಿದಳು.

ಆಮೇಲೆ ಎದ್ದು, ಬದಿಗೆ ಸರಿದು, ಬಾ ಎಂದು ಕೈ ಬೀಸಿದಳು.