ಶೇಕಡಾ ಆರು

ಕೋಪ ನನಗೆ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಮನೆಮಂದಿಯೆಲ್ಲ ಹೇಳುತ್ತಾರೆ. ಇರಲಿ ಬಿಡಿ. ಕನ್ನಡಕವೂ ಅಲ್ಲೇ ಇರುತ್ತದೆ, ಅದಕ್ಕೆ ಯಾರೂ ಏನೂ ಅನ್ನುವುದಿಲ್ಲ.

ನಾನು ಕೆಲಸ ಮಾಡುವುದು ಕನ್ನಡಕದ ಗಾಜು ತಯಾರಿಸುವ ಕಾರ್ಖಾನೆಯಲ್ಲಿ. ನಲವತ್ತೆರಡು ಅಂಗಡಿಗಳಿಂದ ಆರ್ಡರ್ ಬರುತ್ತದೆ, ಬಲಗಣ್ಣಿಗೆ ಇಷ್ಟು ಪವರ್, ಎಡಗಣ್ಣಿಗೆ ಇಷ್ಟು ಎಂದು. ಅದು ನಮ್ಮ ಸರ್ವರ್‌ಗೆ ಬಂದು, ಅಲ್ಲಿ ಗಾಜು ಎಷ್ಟು ಬಾಗಬೇಕೆಂಬ ಲೆಕ್ಕವಾಗಿ, ಕೆಳಗಿನ ಹಾಲ್‌ನ ಉಜ್ಜುವ ಯಂತ್ರಗಳಿಗೆ ಹೋಗುತ್ತದೆ. ಸರ್ವರ್ ನಿಂತರೆ ಯಂತ್ರಗಳೂ ನಿಲ್ಲುತ್ತವೆ. ಒಂದೊಂದು ಟ್ರೇಯಲ್ಲಿ ಎರಡೆರಡು ಗಾಜು ಇಟ್ಟುಕೊಂಡು ಹದಿನೆಂಟು ಜನ ಸುಮ್ಮನೆ ಛಾವಣಿ ನೋಡುತ್ತಾ ಕೂರುತ್ತಾರೆ. ಹಾಗಾಗದಂತೆ ನೋಡಿಕೊಳ್ಳುವವರು ನಾವಿಬ್ಬರು: ಸರ್ವರ್ ಮತ್ತು ನೆಟ್‌ವರ್ಕ್‌ಗೆ ನಾನು, ಮಾಹಿತಿಯೆಲ್ಲ ಕೂತಿರುವ ಸ್ಟೋರೇಜ್‌ಗೆ ನನ್ನ ಸೋದರಮಾವ.

ಮಾವ ಇಲ್ಲಿಗೆ ಬಂದು ಹತ್ತೊಂಬತ್ತು ವರ್ಷ. ನಾನು ಪರೀಕ್ಷೆಯಲ್ಲಿ ಡುಮ್ಕಿ ಹೊಡೆದು ಮನೆಯಲ್ಲಿ ಮುಖ ಗಂಟು ಹಾಕಿಕೊಂಡು ಕೂತಿದ್ದಾಗ ಕೈ ಹಿಡಿದು ಕರೆತಂದು ಕೆಲಸ ಕಲಿಸಿದವರು ಅವರೇ. ಅವರದೊಂದು ಪದ್ಧತಿಯಿದೆ. ಪ್ರತಿ ಸೋಮವಾರ ಹತ್ತು ಗಂಟೆಗೆ ಸ್ಟೋರೇಜ್ ಶೇಕಡಾ ಎಷ್ಟು ತುಂಬಿದೆ ಎಂದು ನೋಡಿ, ಯಜಮಾನಿಯ ಕೋಣೆಯ ಬಾಗಿಲಲ್ಲಿ ನಿಂತು ಹೇಳುತ್ತಾರೆ. "ಅರವತ್ತೊಂದು, ಮೇಡಂ." ಅವರು ತಲೆ ಎತ್ತದೆ "ಸರಿ" ಅನ್ನುತ್ತಾರೆ. ಅಷ್ಟೇ. ಆ ಸಂಖ್ಯೆ ನಿಜವೋ ಎಂದು ಯಜಮಾನಿ ಒಂದು ದಿನವೂ ಕೇಳಿದವರಲ್ಲ.

ಈ ವರ್ಷ ನಮ್ಮ ಹಳೆಯ ಸರ್ವರ್, ಸ್ಟೋರೇಜ್‌ಗಳಿಗೆ ಬಿಡಿಭಾಗ ಸಿಗುವುದು ನಿಂತುಹೋಯಿತು. ಹೊಸದು ತರಲೇಬೇಕು ಎಂದಾಯಿತು. ಇಬ್ಬರು ಮಾರಾಟಗಾರರು ಒಬ್ಬರ ಹಿಂದೊಬ್ಬರು ಬಂದರು. ಒಬ್ಬರು ಕನ್ವರ್ಜ್ಡ್ ಎಂದರು, ಇನ್ನೊಬ್ಬರು ಹೈಪರ್‌ಕನ್ವರ್ಜ್ಡ್ ಎಂದರು. ಅವರು ಹೋದ ಮೇಲೆ ಯಜಮಾನಿ ನನ್ನನ್ನು ಕರೆದರು. ಅವರಿಗೆ ಎದುರಿಗಿದ್ದವರ ಕನ್ನಡಕದಲ್ಲಿ ಕೊಳೆ ಕಂಡರೆ ಸಹಿಸಲಾಗದು. ನನ್ನ ಮೂಗಿನಿಂದ ಕನ್ನಡಕ ಕಿತ್ತು, ತಮ್ಮ ಬಟ್ಟೆಯಿಂದ ಒರೆಸುತ್ತಾ ಕೇಳಿದರು.

"ಅವರಿಬ್ಬರೂ ಹೇಳಿದ್ದು ನನ್ನ ತಲೆಗೆ ಹೋಗ್ಲಿಲ್ಲ. ನೀನು ಹೇಳು, ಅಡುಗೆಮನೆ ಭಾಷೇಲಿ."

ಕನ್ನಡಕವಿಲ್ಲದೆ ನನಗೆ ಅವರ ಮುಖವೇ ಕಾಣುತ್ತಿರಲಿಲ್ಲ. ಆದರೂ ಹೇಳಿದೆ. "ಮೇಡಂ, ಮೊದಲನೇದು ಅಂದ್ರೆ ಒಂದು ದೊಡ್ಡ ಅಡುಗೆಮನೆ. ಒಲೆ ಅಂದ್ರೆ ಸರ್ವರ್, ಕಪಾಟು ಅಂದ್ರೆ ಸ್ಟೋರೇಜ್, ನಲ್ಲಿ ಅಂದ್ರೆ ನೆಟ್‌ವರ್ಕ್, ಮೂರೂ ಬೇರೆ ಬೇರೆ, ಆದ್ರೆ ಒಬ್ಬನೇ ಬಡಗಿ ಅಳತೆ ತಗೊಂಡು ಎಲ್ಲಾ ಜೋಡಿಸಿ ಕೊಡ್ತಾನೆ. ನಾಳೆ ಸಾಮಾನು ಜಾಸ್ತಿಯಾದ್ರೆ ಕಪಾಟು ಮಾತ್ರ ದೊಡ್ಡದು ಮಾಡ್ಕೋಬಹುದು. ಆದ್ರೆ ಕಪಾಟಿನ ಒಳಹೊರಗು ಗೊತ್ತಿರೋರು ಒಬ್ರು ಬೇಕು. ಎರಡನೇದು, ನಾಲ್ಕು ಪುಟ್ಟ ಅಡುಗೆಮನೆ, ಎಲ್ಲಾ ಒಂದೇ ಥರ. ಎಲ್ಲಾದ್ರಲ್ಲೂ ಒಲೆ, ಕಪಾಟು, ನಲ್ಲಿ ಇರುತ್ತೆ. ಒಂದು ಕೆಟ್ರೆ ಉಳಿದ ಮೂರರಲ್ಲಿ ಅಡುಗೆ ನಡೀತಿರುತ್ತೆ. ಆದ್ರೆ ಕಪಾಟು ಮಾತ್ರ ಬೇಕು ಅಂದ್ರೂ ಇಡೀ ಅಡುಗೆಮನೇನೇ ತರಬೇಕು."

"ನೋಡ್ಕೊಳ್ಳೋಕೆ ಎಷ್ಟು ಜನ?"

"ಎರಡನೇದಕ್ಕೆ ಒಬ್ರು ಸಾಕು. ಎಲ್ಲಾ ಒಂದೇ ಪರದೆ ಮೇಲೆ ಬರುತ್ತೆ."

ಬಾಯಿ ಜಾರಿದ ಮೇಲೆ ನಾಲಿಗೆ ಕಚ್ಚಿಕೊಂಡೆ. ಯಜಮಾನಿ ಕನ್ನಡಕ ವಾಪಸ್ ಕೊಟ್ಟರು. "ಒಬ್ರು ಸಾಕು ಅಂದ್ರೆ ಒಬ್ರನ್ನೇ ಇಟ್ಕೋತೀನಿ. ನಾನೇನು ಛತ್ರ ನಡೆಸ್ತಿಲ್ಲ. ನಮಗೆ ಮುಂದೆ ಬೇಕಾಗೋದು ಕಪಾಟಾ, ಅಡುಗೆಮನೇನಾ, ಅದನ್ನ ಲೆಕ್ಕ ಸಮೇತ ಬರೆದು ತಾ. ಶುಕ್ರವಾರ ಕೂತು ತೀರ್ಮಾನ ಮಾಡೋಣ."

ಲೆಕ್ಕ ಹಾಕಲು ನನಗೆ ಅರ್ಧ ಗಂಟೆಯೂ ಬೇಕಾಗಲಿಲ್ಲ. ಆರ್ಡರ್ ಎಂದರೆ ನಾಲ್ಕು ಸಾಲಿನ ಅಂಕಿ. ಅದಕ್ಕೆ ಎಷ್ಟು ಜಾಗ ಬೇಕು? ನಮ್ಮ ಸ್ಟೋರೇಜ್ ತುಂಬುವುದು ವರ್ಷಕ್ಕೆ ಶೇಕಡಾ ಆರು. ಕಪಾಟು ದೊಡ್ಡದು ಮಾಡುವ ಪ್ರಶ್ನೆಯೇ ಇಲ್ಲ. ಒಂದು ಸರ್ವರ್ ಕೆಟ್ಟರೂ ಕೆಳಗೆ ಗಾಜು ಉಜ್ಜುವುದು ನಿಲ್ಲಬಾರದು, ಅದು ಮುಖ್ಯ. ಕಣ್ಣು ಮುಚ್ಚಿಕೊಂಡು ಹೈಪರ್‌ಕನ್ವರ್ಜ್ಡ್ ತರಬೇಕು. ತಂದರೆ ಮಾವ ಮನೆಗೆ. ಅವರ ನಿವೃತ್ತಿಗೆ ಇನ್ನೂ ಐದು ವರ್ಷವಿತ್ತು, ಮಗಳ ಓದು ಮುಗಿದಿರಲಿಲ್ಲ. ಐವತ್ತೈದರಲ್ಲಿ ಅವರಿಗೆ ಬೇರೆ ಕೆಲಸ ಯಾರು ಕೊಡುತ್ತಾರೆ? ಕೈ ಹಿಡಿದು ತಂದವರ ಹೊಟ್ಟೆಯ ಮೇಲೆ ನಾನೇ ಹೊಡೆಯಲೇ?

ಎರಡು ದಿನ ಯಾರ ಮಾತನ್ನೂ ಕಿವಿಗೆ ಹಾಕಿಕೊಳ್ಳದೆ ಎಲ್ಲರ ಮೇಲೂ ರೇಗಾಡಿದೆ. ಗಂಡ "ಇವತ್ತು ಯಾರ ಸರದಿ?" ಎಂದು ಕೇಳಿ, ಅವನೂ ಬೈಸಿಕೊಂಡ. ಗುರುವಾರ ಮಧ್ಯಾಹ್ನ ವರದಿ ಬರೆಯಲು ಕೂತೆ. 'ಅಂಗಡಿಗಳಿಂದ ಇನ್ನು ಮುಂದೆ ಕಣ್ಣಿನ ಫೋಟೊಗಳೂ ಬರಲಿವೆ' ಎಂದು ಬರೆದೆ. ಯಾವ ಅಂಗಡಿಯೂ ಹಾಗೆಂದಿರಲಿಲ್ಲ. ಆರು ಇರಬೇಕಾದಲ್ಲಿ ಮೂವತ್ತು ಎಂದು ಹೊಡೆದೆ. ಆದ್ದರಿಂದ ಕನ್ವರ್ಜ್ಡ್ ಸೂಕ್ತ ಎಂದು ಮುಗಿಸಿದೆ. ನಂಬಿಕೆ ಬರಲೆಂದು ಆ ಮೂವತ್ತರ ಕೆಳಗೆ ಇನ್ನೊಂದು ಸಾಲು ಸೇರಿಸಿದೆ: 'ಮಾಹಿತಿ: ಸ್ಟೋರೇಜ್ ವಿಭಾಗ.' ನಮ್ಮ ಸ್ಟೋರೇಜ್ ವಿಭಾಗದಲ್ಲಿ ಇರುವುದು ಒಂದೇ ಜೀವ, ನನ್ನ ಮಾವ.

ಶುಕ್ರವಾರ ಹನ್ನೊಂದಕ್ಕೆ ಮೂವರೂ ಕೂತೆವು. ಯಜಮಾನಿ ನಿಧಾನವಾಗಿ ಓದಿದರು. ಮಾವನಿಗೂ ಒಂದು ಪ್ರತಿ ಕೊಟ್ಟಿದ್ದರು. ಅದು ನನಗೆ ಗೊತ್ತೇ ಇರಲಿಲ್ಲ. ಮಾವ ಎರಡನೇ ಪುಟಕ್ಕೆ ಬಂದು ಅಲ್ಲೇ ನಿಂತರು. ಪುಟ ತಿರುವಲೇ ಇಲ್ಲ.

"ವರ್ಷಕ್ಕೆ ಮೂವತ್ತಾ?" ಯಜಮಾನಿ ಕೇಳಿದರು. "ಇಷ್ಟು ಬೇಗ ತುಂಬುತ್ತಾ? ಇದು ನೀವು ಕೊಟ್ಟಿದ್ದು ತಾನೇ?"

ಹೂಂ ಎಂದರೆ ಸಾಕಿತ್ತು. ಐದು ವರ್ಷದ ಅನ್ನ ಆ ಒಂದು ಅಕ್ಷರದಲ್ಲಿತ್ತು. ನಾನು ಮೇಜಿನ ಕೆಳಗೆ ಅವರ ಪಾದವನ್ನು ಒತ್ತಿದೆ. ಮಾವ ಕಾಲನ್ನು ಕುರ್ಚಿಯ ಕೆಳಕ್ಕೆ ಎಳೆದುಕೊಂಡರು.

"ಆರು, ಮೇಡಂ."

"ಏನಂದ್ರಿ?"

"ವರ್ಷಕ್ಕೆ ಶೇಕಡಾ ಆರು ತುಂಬುತ್ತೆ. ಮೂವತ್ತಲ್ಲ."

ಯಜಮಾನಿ ಹಾಳೆಯನ್ನೂ ಮಾವನನ್ನೂ ಎರಡು ಸಲ ನೋಡಿದರು. "ಇಲ್ಲಿ ನಿಮ್ಮ ವಿಭಾಗದ ಹೆಸರಲ್ಲಿ ಮೂವತ್ತು ಅಂತಿದೆ. ಬಾಯಲ್ಲಿ ಆರು ಅಂತೀರಿ. ಹಂಗಾದ್ರೆ ಇಷ್ಟು ವರ್ಷ ಸೋಮವಾರ ಸೋಮವಾರ ಬಂದು ಹೇಳ್ತಿದ್ರಲ್ಲ, ಅದರಲ್ಲಿ ಯಾವುದು ನಿಜ, ಯಾವುದು ಸುಳ್ಳು?"

ಮಾವನ ಮುಖ ಇಷ್ಟೇ ಇಷ್ಟಾಯಿತು. ಬೈದರೆ ಸಹಿಸುತ್ತಿದ್ದರು, ಕೆಲಸ ಬಿಡಿ ಎಂದರೂ ಎದ್ದು ಹೋಗುತ್ತಿದ್ದರು. ಸುಳ್ಳುಗಾರ ಎನ್ನಿಸಿಕೊಳ್ಳುವುದು ಮಾತ್ರ ಅವರಿಂದಾಗದು. ನನ್ನ ಕಡೆ ಬೆರಳು ತೋರಿಸಿದ್ದರೆ ಮುಗಿಯುತ್ತಿತ್ತು. ತೋರಿಸಲಿಲ್ಲ. ಎರಡೂ ಕೈಯನ್ನು ಮೇಜಿನ ಮೇಲಿಟ್ಟು, ಹಾಳೆ ನೋಡುತ್ತಾ ಕೂತರು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅನ್ನುತ್ತಾರಲ್ಲ, ಆ ದೊಣ್ಣೆ ನಾನೇ. ನನಗೆ ಅಷ್ಟು ನಾಚಿಕೆ ಜನ್ಮದಲ್ಲಿ ಆಗಿರಲಿಲ್ಲ.

"ಮೇಡಂ, ಅವರು ಹೇಳಿದ್ದೆಲ್ಲಾ ನಿಜ," ಎಂದೆ. "ಮೂವತ್ತು ಅಂತ ಬರೆದಿದ್ದು ನಾನು. ಅವರನ್ನ ಕೇಳ್ಲಿಲ್ಲ. ಅವರ ಹೆಸರು ಹಾಕಿದ್ದೂ ನಾನೇ."

"ಯಾಕೆ?"

"ಹೈಪರ್‌ಕನ್ವರ್ಜ್ಡ್ ಬಂದ್ರೆ ಅವರ ಕೆಲಸ ಹೋಗುತ್ತೆ ಅಂತ."

"ನಿಜವಾಗ್ಲೂ ನಮಗೆ ಸರಿಹೋಗೋದು ಯಾವುದು?"

"ಅದೇ. ನಾಲ್ಕು ಪುಟ್ಟ ಅಡುಗೆಮನೆ."

ಯಜಮಾನಿ ತಮ್ಮ ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು. ಕೆಳಗಿನಿಂದ ಉಜ್ಜುವ ಯಂತ್ರಗಳ ಗುಂಯ್ ಎನ್ನುವ ಸದ್ದು ಬರುತ್ತಿತ್ತು. "ಸರಿ, ಅದೇ ತರೋಣ," ಎಂದರು. "ಎಲ್ಲಾ ಒಂದೇ ಪರದೆ, ಒಬ್ರೇ ಸಾಕು ಅಂದ್ಯಲ್ಲ. ಅಂದ್ರೆ ನನ್ನ ಇಡೀ ಕಾರ್ಖಾನೆ ಒಬ್ರ ಕೈಗೆ ಬರುತ್ತೆ."

"ಹೌದು ಮೇಡಂ."

"ಆ ಕೈ ನಿನ್ನದಾಗೋದು ಬೇಡ."

ಅವರು ಕಿರುಚಲಿಲ್ಲ, ಮೇಜು ಗುದ್ದಲಿಲ್ಲ. ಬೆಳಗಿನ ತಿಂಡಿ ಆಯ್ತಾ ಎಂದು ಕೇಳುವ ದನಿಯಲ್ಲೇ ಹೇಳಿದರು.

ಮಾವ ಗಾಬರಿಯಾಗಿ ಎದ್ದೇಬಿಟ್ಟರು. "ಮೇಡಂ, ನಂಗೆ ಅದು ಬರಲ್ಲ. ಸರ್ವರ್ ಗೊತ್ತಿಲ್ಲ, ನೆಟ್‌ವರ್ಕ್ ಗೊತ್ತಿಲ್ಲ. ಅವಳಿಗೆ ಎಲ್ಲಾ ಬರುತ್ತೆ. ಮಗು ಏನೋ ತಿಳೀದೆ…"

"ಮೂವತ್ತೆಂಟು ವರ್ಷದ ಮಗು!" ಯಜಮಾನಿ ನಕ್ಕೇಬಿಟ್ಟರು. "ಬರದೇ ಇರೋದನ್ನ ಕಲೀಬಹುದು, ಕೂತ್ಕೊಳ್ಳಿ. ಮೂರು ತಿಂಗಳು ಇವಳು ಕಲಿಸ್ತಾಳೆ. ಆಮೇಲೆ ಇವಳು ಅಂಗಡಿಗಳ ಫೋನ್ ನೋಡ್ಕೊಳ್ಳಲಿ. ಸಂಬಳ ಇಬ್ಬರದೂ ಈಗ ಇರೋದೇ. ಒಬ್ರನ್ನೇ ಇಟ್ಕೋತೀನಿ ಅಂದಿದ್ದೆ, ಸದ್ಯ ಆ ಮಾತು ಬಿಟ್ಟಿದ್ದೀನಿ. ಜಾಸ್ತಿ ಕೇಳಿ ನೆನಪು ಮಾಡ್ಬೇಡಿ."

ಹೊರಗೆ ಬಂದ ಮೇಲೆ ಮಾವ ಮೆಟ್ಟಿಲ ಹತ್ತಿರ ನಿಂತರು. ನನ್ನನ್ನು ಅವರು ಗದರಿದ್ದು ನೆನಪಿಲ್ಲ, ಅವತ್ತು ಗದರಿದರು.

"ನನ್ನ ಹೆಸರು ಹಾಕೋ ಮುಂಚೆ ಒಂದು ಮಾತು ಕೇಳೋಕಾಗ್ಲಿಲ್ವಾ?"

"ಕೇಳಿದ್ರೆ ಬೇಡ ಅಂತಿದ್ರಿ."

"ಅಷ್ಟು ಗೊತ್ತಿದ್ದೂ ಹಾಕಿದ್ಯಲ್ಲೇ!"

ಮೂರು ದಿನ ಮಾವ ನನ್ನೊಂದಿಗೆ ಮಾತಾಡಲಿಲ್ಲ. ನಾನೂ ಬಿಗಿದುಕೊಂಡೇ ಇದ್ದೆ. ನಿಮಗಾಗಿ ಮಾಡಿದ್ದಲ್ಲವೇ, ನನಗೇನು ಸಿಕ್ಕಿತು, ನಲವತ್ತೆರಡು ಅಂಗಡಿಯವರ ಗೊಣಗಾಟ! ಹೀಗೆ ಒಳಗೊಳಗೇ ವಾದ ಮಾಡಿದೆ. ವಾದದಲ್ಲಿ ಪ್ರತಿ ಸಲವೂ ಗೆದ್ದೆ, ಆದರೂ ಊಟ ಸೇರಲಿಲ್ಲ. ನಾಲ್ಕನೆಯ ದಿನ ಮಾವನ ಹೆಂಡತಿ, ನಮ್ಮ ಅತ್ತೆ, ಫೋನ್ ಮಾಡಿ, "ನಿಮ್ಮ ಮಾವ ಮನೇಲಿ ಗೋಡೆ ಜೊತೆ ಮಾತಾಡ್ತಿದ್ದಾರೆ, ನೀನು ಯಾರ ಜೊತೆ?" ಎಂದು ಕೇಳಿದರು. ನಾನು ಅಲ್ಲೇ ಅತ್ತುಬಿಟ್ಟೆ. ಮರುದಿನ ಮಾವನ ಮೇಜಿನ ಮುಂದೆ ಹೋಗಿ ನಿಂತು, "ತಪ್ಪಾಯ್ತು ಮಾವ" ಎಂದೆ. ಅವರು ಪಕ್ಕದ ಕುರ್ಚಿಯನ್ನು ಕಾಲಿನಿಂದ ನನ್ನ ಕಡೆ ತಳ್ಳಿ, "ಎಲ್ಲಿಂದ ಶುರು ಮಾಡೋಣ?" ಎಂದರು.

ಹೈಪರ್‌ಕನ್ವರ್ಜ್ಡ್ ಪೆಟ್ಟಿಗೆಗಳು ಮುಂದಿನ ತಿಂಗಳು ಬಂದವು. ನಾಲ್ಕೂ ಅವಳಿಜವಳಿ, ಪಿಜ್ಜಾ ಡಬ್ಬ ಪೇರಿಸಿದ ಹಾಗೆ ಒಂದರ ಮೇಲೊಂದು. ಹಳೆಯ ಸ್ಟೋರೇಜ್‌ನಿಂದ ಹೊಸದಕ್ಕೆ ಹತ್ತೊಂಬತ್ತು ವರ್ಷದ ಆರ್ಡರ್‌ಗಳನ್ನು ಸಾಗಿಸಿದ್ದು ಪೂರ್ತಿ ಮಾವನೇ. ಒಂದು ಆರ್ಡರ್ ಕೂಡ ತಪ್ಪಲಿಲ್ಲ. ಆದರೆ ಸರ್ವರ್ ಪಾಠ ಶುರುವಾದಾಗ ನನ್ನ ತಾಳ್ಮೆಯ ಕಥೆ ಮುಗಿಯಿತು. "ಮಾವ, ನೆನ್ನೆ ಹೇಳಿದ್ದನ್ನೇ ಎಷ್ಟು ಸಲ ಹೇಳಲಿ?" ಎಂದರೆ, "ನಿಂಗೆ ಕೆಲಸ ಕಲಿಸುವಾಗ ನಾನು ಎಣಿಸಿರ್ಲಿಲ್ಲ," ಎನ್ನುತ್ತಿದ್ದರು. ಬಾಯಿ ಮುಚ್ಚಿಕೊಂಡು ಮತ್ತೆ ಹೇಳುತ್ತಿದ್ದೆ. ಒಂದು ದಿನ ಬೇಕೆಂದೇ ಒಂದು ಪೆಟ್ಟಿಗೆಯ ವಿದ್ಯುತ್ ತಂತಿ ಎಳೆದು ತೋರಿಸಿದೆ. ಅದರಲ್ಲಿ ಓಡುತ್ತಿದ್ದ ಸರ್ವರ್‌ಗಳು ಒಂದು ಗಳಿಗೆ ಮಂಕಾಗಿ, ಉಳಿದ ಮೂರು ಪೆಟ್ಟಿಗೆಗಳಲ್ಲಿ ತಾವಾಗಿ ಎದ್ದು ನಿಂತವು. ಮಾವ ಕೆಳಗೆ ಓಡಿಹೋಗಿ ನೋಡಿ ಬಂದರು. "ಗಾಜು ಉಜ್ತಾನೇ ಇದ್ದಾರೆ ಕಣೇ! ಯಾರಿಗೂ ಗೊತ್ತೇ ಆಗಿಲ್ಲ!" ಅವರ ಮುಖದಲ್ಲಿ ಅಂಥ ಖುಷಿ ನೋಡಿ ನನಗೂ ಖುಷಿಯಾಯಿತು.

ಮೂರು ತಿಂಗಳ ಕೊನೆಯ ಪಾಠ, ಹೊಸ ಪೆಟ್ಟಿಗೆಗಳ ವ್ಯವಸ್ಥೆಯೊಳಗೆ ಹೋಗಲು ಯಾರಿಗೆ ಎಷ್ಟು ಅಧಿಕಾರ ಕೊಡುವುದು ಎಂಬುದು. ಅಷ್ಟು ಹೊತ್ತಿಗೆ ನನ್ನ ಹಳೆಯ ಖಾತೆಯನ್ನು ತೆಗೆದುಹಾಕಲಾಗಿತ್ತು. ಮಾವ ತಮ್ಮ ಹೆಸರಿನಲ್ಲಿ ಒಳಗೆ ಹೋದರು. ಹೊಸ ಖಾತೆ ತೆರೆಯಿರಿ ಎಂದೆ. ಅವರು ಒಂದೊಂದೇ ಬೆರಳಿನಿಂದ ಹುಡುಕಿ ಹುಡುಕಿ ನನ್ನ ಹೆಸರು ಹೊಡೆದರು. ಮೊದಲನೆಯ ಖಾತೆಯೇ ನನಗೆ!

ಪರದೆ ಮೂರು ಆಯ್ಕೆ ಮುಂದಿಟ್ಟಿತು. ಪೂರ್ತಿ ಅಧಿಕಾರ. ನಡೆಸಲು ಮಾತ್ರ. ನೋಡಲು ಮಾತ್ರ. ಬಾಣದ ಗುರುತು ಮೊದಲನೆಯದರ ಮೇಲೆ ಸ್ವಲ್ಪ ಹೊತ್ತು ನಿಂತಿತು. ಆಮೇಲೆ ಮೆಲ್ಲಗೆ ಕೆಳಗಿಳಿದು, ಎರಡನೆಯದನ್ನೂ ದಾಟಿ, ಮೂರನೆಯದರ ಮೇಲೆ ಕೂತಿತು. ಟಕ್.

"ಮಾವಾ! ಕಲಿಸಿದ್ದು ನಾನು!"

"ಹೂಂ. ಚೆನ್ನಾಗಿ ಕಲಿಸಿದ್ದೀಯ." ಅವರ ದನಿಯಲ್ಲಿ ಕೊಂಕು ಇರಲಿಲ್ಲ, ಕೋಪವೂ ಇರಲಿಲ್ಲ. ಮಗಳಿಗೆ ಹೇಳುವ ಹಾಗೆ ಹೇಳಿದರು. "ದಿನಾ ಬಾ, ಎಲ್ಲಾ ನೋಡು. ನಾನೆಲ್ಲಾದ್ರೂ ತಪ್ಪಿದ್ರೆ ಹೇಳು. ಮುಟ್ಟೋದು ಬೇಡ, ಇನ್ನೊಂದು ವರ್ಷ."

ಪಕ್ಕದ ಕಂಪ್ಯೂಟರಿನಲ್ಲಿ ಹೊಸ ಖಾತೆಯಿಂದ ಒಳಗೆ ಹೋದೆ. ಎಲ್ಲ ಸಂಖ್ಯೆಗಳೂ ಕಂಡವು. ಬದಲಿಸುವ ಗುಂಡಿಗಳೆಲ್ಲ ಒತ್ತಲಾಗದಂತೆ ಬೂದುಬಣ್ಣಕ್ಕೆ ತಿರುಗಿದ್ದವು. "ಸರಿಯಾಗಿದೆ ಮಾವ," ಎಂದು ಹೇಳಿ, ಅಂಗಡಿಗಳ ಫೋನ್ ಎತ್ತಲು ಹೋದೆ.